ಕಂಬ ಗಟ್ಟಿ ಇದೆಯಾ?

2025ರ ನವೆಂಬರ್‌ನಲ್ಲಿ ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ 16 ವರ್ಷದ ಬ್ಯಾಸ್ಕೆಟ್‌ಬಾಲ್ ಆಟಗಾರನ ಎದೆ ಮೇಲೆ ಕಂಬವೇ ಬಿತ್ತು. ಹುಡುಗ ಉಳಿಯಲಿಲ್ಲ.

ರಿಂಗಿಗೆ ಜೋತುಬೀಳಬಾರದಿತ್ತು ಅನ್ನೋದು ಸುಲಭ. ಆದರೆ ಡಂಕ್ ಇರೋ ಆಟದಲ್ಲಿ ಆ ಭಾರ ತಡೆಯೋದು ಕಂಬದ ಕೆಲಸ. ರಿಂಗ್ ಇರೋದು 3.05 ಮೀಟರ್ ಎತ್ತರದಲ್ಲಿ, ಕಂಬದಿಂದ ಮುಂದಕ್ಕೆ ಚಾಚಿಕೊಂಡು. ಅಲ್ಲಿ ತೂಗಿದರೆ ಬೆಂಡಿಂಗ್ ಮೊಮೆಂಟ್ ಅತಿ ಹೆಚ್ಚು ಬೀಳೋದು ಬುಡಕ್ಕೆ. ಮಳೆನೀರು ನಿಂತು ತುಕ್ಕು ಹಿಡಿಯೋದೂ ಅಲ್ಲೇ. ಹೊಸ ಪೇಂಟ್ ಅದನ್ನು ಮುಚ್ಚುತ್ತೆ, ಅಷ್ಟೆ.

ಕೋರ್ಟ್ ಅಂದ್ರೆ ಬರೀ 28×15 ಮೀಟರಿನ ಗೆರೆಗಳಲ್ಲ. ಸುತ್ತ 2 ಮೀಟರ್ ಖಾಲಿ ಜಾಗ ಬೇಕು, ಕಂಬಕ್ಕೆ ಪ್ಯಾಡಿಂಗ್ ಬೇಕು.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದೋ ನಾವೇ ಪ್ರತಿ ಸೆಮಿಸ್ಟರ್ ಶುರುವಲ್ಲಿ ಪಿ.ಇ. ಸರ್ ಜೊತೆ ಹೋಗಿ ಬುಡ, ವೆಲ್ಡಿಂಗ್, ಬೋಲ್ಟ್ ನೋಡೋಣ. ಡೌಟ್ ಬಂದ್ರೆ ರಿಪೇರಿ ಆಗೋವರೆಗೆ ಕೋಚಿಂಗ್ ನಿಲ್ಲಲಿ.