ಕಡಲಲ್ಲಿ ಹಾರ್ಡ್‌ವೇರ್ ಅಂಗಡಿ ಇಲ್ಲ

ಕಾರಿನ ಡಿಕ್ಕಿಯಲ್ಲಿ ಏನೇನು ಇಟ್ಟುಕೊಂಡಿರಬೇಕು ಅಂತ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿದ ಮಲ್ಪೆ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರಿಗೆ ಬೆಂಗಳೂರಿನಲ್ಲಿ ಕೆಲಸ. ಊರಲ್ಲಿ ಅಪ್ಪನದು ಡೀಸೆಲ್ ಎಂಜಿನ್ನಿನ ಟ್ರಾಲ್ ಬೋಟು. ಮಳೆಗಾಲದ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಮತ್ತೆ ಮೀನುಗಾರಿಕೆ ಶುರು. ಅಷ್ಟರೊಳಗೆ ಅಪ್ಪನಿಗೊಂದು ಒಳ್ಳೆ ಟೂಲ್ ಕಿಟ್ ಕೊಡಿಸಬೇಕು ಅಂತ ಆಸೆ. "ಆನ್‌ಲೈನ್‌ನಲ್ಲಿ 108 ಪೀಸ್ ಸೆಟ್ ಒಂದಿದೆ, ಕಾರ್ಟ್‌ಗೆ ಹಾಕಿಟ್ಟಿದ್ದೀನಿ. ಆರ್ಡರ್ ಮಾಡ್ಲಾ?"

ಸ್ವಲ್ಪ ತಾಳಿ.

ಆ ಸೆಟ್ಟು ಕೆಟ್ಟದ್ದು ಅಂತಲ್ಲ. ಅದು ಯಾರ ಎಂಜಿನ್ನನ್ನೂ ನೋಡಿ ಮಾಡಿದ್ದಲ್ಲ, ಅಷ್ಟೇ. ಅದರಲ್ಲಿರೋ ಅರ್ಧ ಬಿಟ್‌ಗಳು ನಿಮ್ಮ ಬೋಟಿನ ಯಾವ ಸ್ಕ್ರೂಗೂ ಕೂರಲ್ಲ. ಬೇಕಾದ ದೊಡ್ಡ ಸ್ಪಾನರ್ ಅದರಲ್ಲಿರಲ್ಲ. ಫಿಲ್ಟರ್, ಬೆಲ್ಟ್ ಅಂತೂ ಇರೋದೇ ಇಲ್ಲ. ಆಳಸಮುದ್ರಕ್ಕೆ ಹೋಗುವ ಬೋಟುಗಳು ಒಮ್ಮೆ ಹೊರಟರೆ ವಾರ, ಹತ್ತು ದಿನ ವಾಪಸ್ ಬರಲ್ಲ. 30 ನಾಟಿಕಲ್ ಮೈಲು ಅಂದ್ರೆ ಸುಮಾರು 55 ಕಿಲೋಮೀಟರ್. ಅಲ್ಲಿ ಎಂಜಿನ್ ನಿಂತರೆ ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತರಬೇಕು. ಆ ಬೋಟಿನವರ ದುಡಿಮೆಯೂ ಅಂದಿಗೆ ಮುಗೀತು. ಗಾಳಿ ಜೋರಿದ್ದರೆ ಮಾತು ದುಡಿಮೆಗೆ ನಿಲ್ಲಲ್ಲ, ಜೀವಕ್ಕೆ ಬರುತ್ತೆ.

ನನ್ನ ಮಾವ ಬೋಟಿನ ಡ್ರೈವರ್ ಆಗಿದ್ದವರು. ಕಾಲೇಜು ರಜೆಯಲ್ಲಿ ಅವರ ಎಂಜಿನ್ ರೂಮಿನಲ್ಲಿ ಟಾರ್ಚ್ ಹಿಡಿದು ನಿಲ್ಲೋದು ನನ್ನ ಕೆಲಸ. ಮೊದಲ ವರ್ಷದ ಎಂಜಿನಿಯರಿಂಗ್‌ನಲ್ಲಿ ಡೀಸೆಲ್ ಎಂಜಿನ್ನಿನ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೆ, ಆದರೆ ಅದು ಯಾಕೆ ನಿಲ್ಲುತ್ತೆ ಅಂತ ಕಲಿತದ್ದು ಅಲ್ಲಿ. ಮಾವನ ಪೆಟ್ಟಿಗೆಯಲ್ಲಿ ಸ್ಪಾನರೆಲ್ಲ ಒಂದು ಕಡೆ, ಸ್ಕ್ರೂಡ್ರೈವರೆಲ್ಲ ಒಂದು ಕಡೆ ಇರುತ್ತಿರಲಿಲ್ಲ. ಡೀಸೆಲ್ ತೊಂದರೆಗೆ ಬೇಕಾದ್ದೆಲ್ಲ ಒಂದು ಚೀಲ, ನೀರಿನ ತೊಂದರೆಗೆ ಇನ್ನೊಂದು ಚೀಲ. ನಾವು ಆಫೀಸಿನಲ್ಲಿ ರನ್‌ಬುಕ್ ಅಂತ ಬರೆದಿಡ್ತೀವಲ್ಲ, ಸರ್ವರ್ ಬಿದ್ದರೆ ಮೊದಲು ಇದು, ಆಮೇಲೆ ಇದು ಅಂತ, ಅದೇ ಲೆಕ್ಕ. ಯಾವ ಟೂಲ್ ಒಳ್ಳೇದು ಅನ್ನೋದಕ್ಕಿಂತ ಮೊದಲು, ಎಂಜಿನ್ ಯಾಕೆ ನಿಲ್ಲಬಹುದು ಅಂತ ಕೇಳಬೇಕು. ಪೆಟ್ಟಿಗೆ ತಾನಾಗಿ ತುಂಬುತ್ತೆ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಹಳೇ ಮಾದರಿಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಆದರೆ, ಒಮ್ಮೆ ಓಡಲು ಶುರುವಾದ ಮೇಲೆ ಸಾಮಾನ್ಯವಾಗಿ ಬ್ಯಾಟರಿಯ ಹಂಗೂ ಇಲ್ಲ. ಶುದ್ಧ ಡೀಸೆಲ್, ಗಾಳಿ, ತಂಪು ಸಿಕ್ಕುತ್ತಾ ಇದ್ದರೆ ಅದು ಓಡ್ತಾನೇ ಇರುತ್ತೆ. ಹಾಗಾಗಿ ಪೆಟ್ಟಿಗೆಯನ್ನು ನಾಲ್ಕು ಭಾಗ ಮಾಡೋಣ.

ಒಂದು: ಡೀಸೆಲ್

ಎಂಜಿನ್ ನಿಂತರೆ ಮೊದಲ ಅನುಮಾನ ಇದರ ಮೇಲೇ. ಟ್ಯಾಂಕಿನಲ್ಲಿ ಜಾಗ ಖಾಲಿ ಇದ್ದರೆ ಒಳಗಿನ ತೇವ ನೀರಾಗಿ ಇಳಿಯುತ್ತೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತೆ. ನೀರು, ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತೆ. ಸಮುದ್ರ ಶಾಂತವಾಗಿದ್ದಾಗ ಅದು ತಳದಲ್ಲೇ ಇರುತ್ತೆ. ಬೋಟು ಹೊಯ್ದಾಡಿದಾಗ ಕದಡಿ ಎದ್ದು ಫಿಲ್ಟರ್ ಕಟ್ಟುತ್ತೆ. ಅಂದ್ರೆ ಎಂಜಿನ್ ಅತ್ಯಂತ ಬೇಕಾದ ಹೊತ್ತಿಗೇ ಅದು ನಿಲ್ಲೋದು. ದುರದೃಷ್ಟ ಅಂತ ಎಷ್ಟೋ ಜನ ಹೇಳುವ ಈ ಘಟನೆಗೆ ಕಾರಣ ಟ್ಯಾಂಕಿನ ತಳದಲ್ಲಿರುತ್ತೆ.

ಈ ಚೀಲದಲ್ಲಿ ಇರಬೇಕಾದ್ದು: ಎಲ್ಲ ಡೀಸೆಲ್ ಫಿಲ್ಟರ್‌ಗಳ ಎರಡೆರಡು ಸೆಟ್, ಅವುಗಳ ವಾಷರ್ ಸಮೇತ. ಫಿಲ್ಟರ್ ಬಿಚ್ಚುವ ಬೆಲ್ಟ್ ರೆಂಚ್. ಏರ್ ತೆಗೆಯುವ ಸ್ಕ್ರೂಗೆ ಸರಿಯಾಗಿ ಕೂರುವ ಸ್ಪಾನರ್. ಇಂಜೆಕ್ಟರ್ ಪೈಪಿನ ನಟ್ಟಿಗೆ ಇನ್ನೊಂದು. ಅದು ಹೆಚ್ಚಾಗಿ 17 ಅಥವಾ 19 ಇರುತ್ತೆ, ನಿಮ್ಮದು ಯಾವುದು ಅಂತ ಇಟ್ಟು ನೋಡಿಯೇ ಬರೆದುಕೊಳ್ಳಿ. ತಳದ ನೀರು ಇಳಿಸಿ ನೋಡಲು ಒಂದು ಪಾರದರ್ಶಕ ಬಾಟಲಿ, ಒಂದು ಲಾಳಿಕೆ, ಬನಿಯನ್ ಬಟ್ಟೆ.

ಫಿಲ್ಟರ್ ಬದಲಿಸಿದ ಮೇಲೆ ಲೈನಿನಲ್ಲಿ ಗಾಳಿ ಸೇರಿಕೊಂಡಿರುತ್ತೆ. ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಬೇಕು. ಮೊದಲು ನೊರೆ, ಗುಳ್ಳೆ ಬರುತ್ತೆ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ ಬಿಗಿ ಮಾಡಬೇಕು. ಆಮೇಲೂ ಹಿಡಿಯದಿದ್ದರೆ ಇಂಜೆಕ್ಟರ್ ನಟ್ ಸಡಿಲಿಸಿ ಸೆಲ್ಫ್ ಹೊಡೆದು ಅಲ್ಲಿಯ ಗಾಳಿ ತೆಗೆಯಬೇಕು. ಆಗ ಕೈ, ಮುಖ ದೂರ ಇರಲಿ. ಇಂಜೆಕ್ಟರ್ ಲೈನಿನಿಂದ ಚಿಮ್ಮುವ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗಬಲ್ಲದು. ಸೋರಿಕೆ ಹುಡುಕಲು ಎಂದಿಗೂ ಬೆರಳು ಇಡಬಾರದು, ರಟ್ಟು ಹಿಡಿಯಿರಿ.

ಎರಡು: ತಂಪು

ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಮೊದಲು ಸಮುದ್ರದ ನೀರು ಎಳೆಯುವ ದಾರಿ ನೋಡಿ. ಜಾಲರಿಗೆ ಪ್ಲಾಸ್ಟಿಕ್ ಕವರ್ ಅಂಟಿಕೊಂಡಿರಬಹುದು. ನಿಮ್ಮ ಎಂಜಿನ್ನಿನ ಪಂಪಿನಲ್ಲಿ ರಬ್ಬರಿನ ಇಂಪೆಲ್ಲರ್ ಇದ್ದರೆ, ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಅದರ ಎಸಳು ಹರಿಯುತ್ತೆ. ಹರಿದ ಚೂರುಗಳನ್ನು ಎಣಿಸಿ ಹೊರಗೆ ತೆಗೆಯಬೇಕು, ಒಂದು ಉಳಿದರೂ ಮುಂದೆ ಹೋಗಿ ಪೈಪು ಕಟ್ಟುತ್ತೆ.

ಈ ಚೀಲಕ್ಕೆ: ಗ್ಯಾಸ್ಕೆಟ್ ಸಮೇತ ಒಂದು ಇಂಪೆಲ್ಲರ್, ಪಂಪಿನ ಮುಚ್ಚಳ ತೆಗೆಯುವ ಸ್ಕ್ರೂಡ್ರೈವರ್, ಅದೇ ನಂಬರಿನ ಫ್ಯಾನ್ ಬೆಲ್ಟ್, ಆಲ್ಟರ್ನೇಟರ್ ಸಡಿಲಿಸುವ ಸ್ಪಾನರ್, ಒಂದೆರಡು ಅಳತೆಯ ಹೋಸ್ ಪೈಪ್, ಕ್ಲಿಪ್‌ಗಳು, ಹಳೇ ಸೈಕಲ್ ಟ್ಯೂಬಿನ ಉದ್ದ ಪಟ್ಟಿಗಳು. ಒಡೆದ ಪೈಪಿಗೆ ಟ್ಯೂಬ್ ಬಿಗಿಯಾಗಿ ಸುತ್ತಿ, ಮೇಲೆ ಕ್ಲಿಪ್ ಹಾಕಿ, ನಿಧಾನವಾಗಿ ದಡ ಸೇರಬಹುದು. ಬಿಸಿ ಎಂಜಿನ್ನಿನ ನೀರಿನ ಮುಚ್ಚಳ ಮಾತ್ರ ತಕ್ಷಣ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೇ ಹಾರುತ್ತೆ.

ಮೂರು: ಕರೆಂಟು

ಸೆಲ್ಫ್ ಹೊಡೆದರೆ ಬರೀ 'ಟಿಕ್' ಅಂದಾಗ ಎಲ್ಲರೂ ಬ್ಯಾಟರಿಗೇ ಬೈಯ್ಯೋದು. ಉಪ್ಪುಗಾಳಿಯಲ್ಲಿ ಟರ್ಮಿನಲ್ ಹಸಿರುಗಟ್ಟಿರೋದೂ ಅಷ್ಟೇ ಸಾಮಾನ್ಯ. ಒಂದು ಸಾದಾ ಮಲ್ಟಿಮೀಟರ್ ಸಾಕು. ವಿಶ್ರಾಂತಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ತೋರಿಸುತ್ತೆ, ಎಂಜಿನ್ ಓಡುವಾಗ ಸುಮಾರು 14. 24 ವೋಲ್ಟಿನ ಬೋಟಾದರೆ ಇದರ ಎರಡರಷ್ಟು. ಓಡುವಾಗಲೂ ಅಂಕಿ ಏರದಿದ್ದರೆ ಬೆಲ್ಟ್ ಅಥವಾ ಆಲ್ಟರ್ನೇಟರ್ ಕಡೆ ನೋಡಿ. ಜೊತೆಗೆ ಟರ್ಮಿನಲ್ ಸ್ಪಾನರ್, ವೈರ್ ಬ್ರಷ್, ಫ್ಯೂಸ್, ಸ್ವಲ್ಪ ವೈರು, ಕಟಿಂಗ್ ಪ್ಲೇಯರ್, ಇನ್ಸುಲೇಷನ್ ಟೇಪು.

ಟಾರ್ಚಿನ ಬದಲು ಹೆಡ್‌ಲ್ಯಾಂಪ್ ಕೊಡಿಸಿ, ಎರಡು. ಎಂಜಿನ್ ರೂಮಿನಲ್ಲಿ ಇರೋ ಎರಡೂ ಕೈ ಕೆಲಸಕ್ಕೆ ಬೇಕು. ಟಾರ್ಚ್ ಹಿಡಿಯಲು ಎಲ್ಲ ಬೋಟಿನಲ್ಲೂ ಸೋದರಳಿಯ ಇರಲ್ಲ.

ನಾಲ್ಕು: ಬೋಟಿನೊಳಗೆ ಬರುವ ನೀರು

ನೀರಿನ ಪೈಪುಗಳು ಬೋಟಿನ ಮೈ ತೂತು ಮಾಡಿ ಹೊರಗೆ ಹೋಗುವ ಪ್ರತಿ ಜಾಗದ ಪಕ್ಕದಲ್ಲೂ, ಆ ಅಳತೆಗೆ ಚೂಪು ಮಾಡಿದ ಮೆದು ಮರದ ಬೆಣೆ ಒಂದನ್ನು ದಾರದಲ್ಲಿ ಕಟ್ಟಿಡಿ. ಹೊಡೆಯಲು ಒಂದು ಸುತ್ತಿಗೆ. ಫ್ಯಾನಿನ ಶಾಫ್ಟ್ ಹೊರಗೆ ಹೋಗುವಲ್ಲಿ ಗ್ಲ್ಯಾಂಡ್ ಇರುತ್ತೆ. ಹಗ್ಗದಂಥ ಪ್ಯಾಕಿಂಗ್ ತುಂಬಿದ ಗ್ಲ್ಯಾಂಡ್ ಆದರೆ, ಶಾಫ್ಟ್ ತಿರುಗುವಾಗ ಹನಿ ಹನಿ ತೊಟ್ಟಿಕ್ಕಬೇಕು, ಧಾರೆ ಹರಿಯಬಾರದು. ಅದನ್ನು ಬಿಗಿ ಮಾಡಲು ದೊಡ್ಡ ಸ್ಪಾನರ್ ಎರಡು ಬೇಕು, ಒಂದು ನಟ್ಟಿಗೆ, ಇನ್ನೊಂದು ಲಾಕ್ ನಟ್ಟಿಗೆ. ಅಂಗಡಿ ಸೆಟ್ಟಿನಲ್ಲಿ ಸಿಗದ ಆ ಸ್ಪಾನರ್ ಇದೇ. ಪಂಪು ಕೈಕೊಟ್ಟರೆ ಅಂತ ಕೈಪಂಪು, ಬಕೆಟ್ ಇರಲಿ.

ಬಲೆಯೋ ಹಗ್ಗವೋ ಫ್ಯಾನಿಗೆ ಸುತ್ತಿಕೊಂಡರೆ ಹರಿತವಾದ ಚೂರಿ, ಹ್ಯಾಕ್ಸಾ ಬ್ಲೇಡು ಬೇಕು. ಎಂಜಿನ್ ಬಂದ್, ಗೇರ್ ನ್ಯೂಟ್ರಲ್. ನೀರಿಗೆ ಇಳಿದವರು ಮೇಲೆ ಬರುವ ತನಕ ಕೀ ಒಬ್ಬರ ಕೈಯಲ್ಲೇ ಇರಬೇಕು.

ಟೂಲುಗಳ ಬಗ್ಗೆ ಎರಡೇ ಮಾತು. ಎಲ್ಲದಕ್ಕೂ ಎಣ್ಣೆ ಬಟ್ಟೆ ಒರೆಸಿ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ, ಉಪ್ಪು ಯಾವ ಬ್ರ್ಯಾಂಡನ್ನೂ ಬಿಡಲ್ಲ. ದಿನವೂ ಬೇಕಾಗುವ ಅಳತೆಯ ಸ್ಪಾನರ್ ಎರಡೆರಡು ಇರಲಿ. ಒಂದು ಕೈತಪ್ಪಿ ಎಂಜಿನ್ನಿನ ಅಡಿಗೆ ಬಿದ್ದೇ ಬೀಳುತ್ತೆ, ಎತ್ತಲು ದಾರಕ್ಕೆ ಕಟ್ಟಿದ ಅಯಸ್ಕಾಂತ ಇಟ್ಟುಕೊಳ್ಳಿ.

ಈಗ ನಿಮ್ಮ ಕಾರ್ಟ್ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ದಡದಲ್ಲೇ ಇರುತ್ತೆ. ಒಂದು ಶನಿವಾರ, ಭಾನುವಾರ ಊರಿಗೆ ಹೋಗಿ, ಅಪ್ಪನ ಜೊತೆ ಎಂಜಿನ್ ರೂಮಿಗೆ ಇಳಿಯಿರಿ. ಅವರು ಕೈ ತೋರಿಸಿದ ಪ್ರತಿ ನಟ್ಟಿಗೂ ಸ್ಪಾನರ್ ಇಟ್ಟು ಅಳತೆ ಬರೆದುಕೊಳ್ಳಿ. ಫಿಲ್ಟರ್, ಬೆಲ್ಟ್, ಇಂಪೆಲ್ಲರ್ ನಂಬರಿನ ಫೋಟೋ ತೆಗೆಯಿರಿ. ಯಾವ ನಟ್ಟಿಗೂ ಕೂರದ ಟೂಲ್ ದಡದಲ್ಲೇ ಇರಲಿ. ಆಮೇಲೆ ಬೋಟು ಕಟ್ಟಿರುವಾಗಲೇ ಒಂದು ಪರೀಕ್ಷೆ: ಪೆಟ್ಟಿಗೆಯಲ್ಲಿರುವುದನ್ನು ಮಾತ್ರ ಬಳಸಿ ಫಿಲ್ಟರ್ ಬದಲಿಸಿ, ಏರ್ ತೆಗೆದು, ಎಂಜಿನ್ ಸ್ಟಾರ್ಟ್ ಮಾಡಬೇಕು. ದಡಕ್ಕೆ ಓಡಿ ಏನಾದ್ರೂ ತರಬೇಕಾಯ್ತಾ? ನಿಮ್ಮ ಲಿಸ್ಟಿನಲ್ಲಿ ಬಿಟ್ಟುಹೋದದ್ದು ಅದೇ.

ಇನ್ನೂ ಒಂದು ಇದೆ. ಇದೆಲ್ಲ ಅಪ್ಪನಿಗೆ ಗೊತ್ತು, ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಆದರೆ ಅಪ್ಪನಿಗೆ ನಡುಗಡಲಲ್ಲಿ ಜ್ವರ ಬಂದರೆ ಬೋಟಿನಲ್ಲಿ ಇನ್ಯಾರಿಗೆ ಗೊತ್ತು? ನಮ್ಮ ಟೀಮುಗಳಲ್ಲಿ ಎಲ್ಲ ಪಾಸ್‌ವರ್ಡ್ ಒಬ್ಬನೇ ಇಟ್ಟುಕೊಂಡಿದ್ದರೆ ಬೈತೀವಿ ಅಲ್ವಾ? ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಆಂಧ್ರದಿಂದ ಬಂದ ಹುಡುಗರೂ ಇರ್ತಾರೆ, ಎಲ್ಲರಿಗೂ ಕನ್ನಡ ಓದಲು ಬರಲ್ಲ. ಹಾಗಾಗಿ ಫೋಟೋ ತೆಗೆದು, ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಅಂತ 1, 2, 3 ಬರೆದು, ಲ್ಯಾಮಿನೇಟ್ ಮಾಡಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಅಂಗಡಿಯಲ್ಲಿ ಸಿಗದ ಈ ಟೂಲನ್ನು ನೀವೇ ಮಾಡಿಕೊಡಬಹುದು.

ಅದರ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಇರಲಿ. ದಡದ ಹತ್ತಿರ, ಬಂಡೆಯ ಹತ್ತಿರ ಎಂಜಿನ್ ನಿಂತರೆ ಪೆಟ್ಟಿಗೆ ತೆಗೆಯುವ ಮೊದಲು ಲಂಗರು ಹಾಕಿ. ಕೈಮೀರಿತು ಅನಿಸಿದರೆ ವಿಎಚ್ಎಫ್ ಚಾನೆಲ್ 16, ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554.

108 ಪೀಸ್ ಕಾರ್ಟಿನಿಂದ ತೆಗೆದುಹಾಕಿ. ಆ ದುಡ್ಡಲ್ಲಿ ಮೊದಲು ಉಡುಪಿಗೆ ಬಸ್ ಟಿಕೆಟ್ ಬುಕ್ ಮಾಡಿ. ಉಳಿದದ್ದನ್ನು ಏನು ತಗೋಬೇಕು ಅಂತ ಎಂಜಿನ್ ರೂಮಿನಲ್ಲಿ ಅಪ್ಪನೇ ಹೇಳ್ತಾರೆ.