ಓದಿ ಬಂದ ಮಕ್ಕಳಿಗೆ ಊರಾಗ ಜಾಗ ಕೊಡ್ರಿ

ನಾನು ಏಳನೇ ತರಗತಿ ಓದಿದಾವ, ಒಕ್ಕಲುತನ ಮಾಡಾವ. ಭಜನಿಯೊಳಗ ಏಕತಾರಿ ಹಿಡಿದು ಹಾಡೋದು ಬಿಟ್ಟರೆ ನಾಲ್ಕು ಮಂದಿ ಮುಂದ ಮಾತಾಡಿದವನಲ್ಲ. ಆದರೂ ಈ ಸಲ ಬರೆಯಲೇಬೇಕು ಅಂತ ಕುಂತೀನಿ. ಹೋದ ತಿಂಗಳು ನಮ್ಮ ಅಗಸಿ ಕಟ್ಟಿ ಮ್ಯಾಲ ಒಂದು ಮಾತು ಕೇಳಿ ನಾಲ್ಕು ದಿನ ನಿದ್ದಿ ಬರಲಿಲ್ಲ.

"ಎಂ.ಎ. ಓದಿ ಊರಿಗೆ ಬಂದ ಮಕ್ಕಳು ಮುಗ್ಗಿದ ಬೀಜ ಇದ್ದಂಗ. ಬಿತ್ತಾಕೂ ಬರಂಗಿಲ್ಲ, ತಿನ್ನಾಕೂ ಬರಂಗಿಲ್ಲ."

ಕುಂತವರೆಲ್ಲ ನಕ್ಕರು. ಹೇಳಿದವರು ಕೆಟ್ಟವರಲ್ಲ, ಅವರ ಹೆಸರು ಬರೆಯೋದಿಲ್ಲ. ನಕ್ಕವರೊಳಗ ಇಬ್ಬರು ಮಾಸ್ತರರೂ ಇದ್ದರು. ಕೆಲವು ವರ್ಷದ ಹಿಂದೆ ಆಗಿದ್ದರೆ ನಾನೂ ನಗುತ್ತಿದ್ದೆ. ಆದರ ನಾನು ಬಿತ್ತೋ ಮನುಷ್ಯ, ಬೀಜದ ಮಾತು ನನಗ ತಿಳೀತದ. ಬೀಜ ತಾನಾಗಿ ಮುಗ್ಗೋದಿಲ್ಲ. ಇಟ್ಟ ಜಾಗದಾಗ ಗಾಳಿ ಆಡದಿದ್ದರೆ, ಥಂಡಿ ಹಿಡಿದರೆ ಮುಗ್ಗುತ್ತದ. ಹಿಂದಕ್ಕ ನಮ್ಮ ಮನೆಗಳ ಮುಂದ ಹಗೇವು ಇದ್ದವು. ಹಗೇವಿನಾಗ ನೀರು ಹೊಕ್ಕರೆ ಹಿರಿಯರು ಜೋಳಕ್ಕ ಬೈತಿದ್ದರೇನು? ಹಗೇವಿನ ಬಾಯಿ ಸರಿಯಾಗಿ ಮುಚ್ಚದವನಿಗೆ ಬೈತಿದ್ದರು. ಮುಗ್ಗಿದ್ದು ನಮ್ಮ ಹಗೇವು ಅಂತ ನನ್ನ ವಾದ. ಅದಕ್ಕ ಮೊದಲ ಸಾಕ್ಷಿ ನಾನೇ.

ನನ್ನ ಕಿರಿ ಮಗಳು ಕನ್ನಡ ಎಂ.ಎ. ಮಾಡ್ಯಾಳ. ಆಕೆಯ ಕಾಗದಪತ್ರ ತೆಗೆದರೆ ಒಂದು ಕತೀನೇ ಆಗ್ತದ. ಹುಟ್ಟಿದ್ದು ಆಂಧ್ರಪ್ರದೇಶ, ಹತ್ತನೇ ತರಗತಿ ಪಾಸಾದದ್ದು ತೆಲಂಗಾಣ. ಜಿಲ್ಲಾ ಮೊದಲು ಮಹಬೂಬನಗರ, 2019ರಿಂದ ನಾರಾಯಣಪೇಟ. ನಾವು ಮನಿ ಬದಲಿ ಮಾಡಿಲ್ಲ, ಅದೇ ಹೊಸ್ತಿಲು, ಅದೇ ಬೇವಿನ ಗಿಡ. ಹೊಳಿ ಆಚೆ ಶಕ್ತಿನಗರದ ಚಿಮಣಿ ಹೊಗೆ ನಮ್ಮ ಹೊಲದಿಂದ ಕಾಣ್ತದ, ಅದು ಕರ್ನಾಟಕ. ಗದ್ವಾಲ, ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲಾದಾಗೇ ಇದ್ದವು. ರಾಜ್ಯ ಹಂಚಿದಾಗ ಗೆರಿ ಬಿತ್ತು. ಗೆರಿ ಹಾಕಿದವರಿಗೆ ಬಯ್ಯಾಕ ನಾ ಬರೆಯಾಕತ್ತಿಲ್ಲ, ಅದು ಮುಗಿದ ಮಾತು. ಆದರ ಕನ್ನಡ ಮಾಧ್ಯಮದಾಗ ಓದಿದ ನಮ್ಮ ಮಕ್ಕಳು ಮುಂದ ಓದಬೇಕಂದ್ರ ಹೊಳಿ ದಾಟಬೇಕು. ಆಕೀನೂ ದಾಟಿದಳು. ಪಿಯುಸಿ, ಬಿ.ಎ. ರಾಯಚೂರಿನಾಗ, ಎಂ.ಎ. ಕಲಬುರಗಿಯೊಳಗ, ಮ್ಯಾಲ ಬಿ.ಎಡ್.

2024ರ ಮಳಿಗಾಲಕ್ಕ ಒಂದು ಟ್ರಂಕು, ಎರಡು ಚೀಲ ಪುಸ್ತಕ ತಗೊಂಡು ಕೃಷ್ಣಾ ಸ್ಟೇಷನ್ನಿನಾಗ ಇಳಿದಳು. ಕರಕೊಂಡು ಬರಾಕ ನಾನೇ ಹೋಗಿದ್ದೆ. ದಾರಿಯೊಳಗ ಮೊದಲ ಸಿಕ್ಕವರು ಕೇಳಿದ ಮೊದಲ ಮಾತು: "ಏನರ ಆತೇನವ್ವಾ?"

ಈ 'ಏನರ ಆತೇನು' ಅನ್ನೋ ಮಾತಿನ ಮ್ಯಾಲ ನನಗ ಭಾಳ ಸಿಟ್ಟದ. ನಮ್ಮ ಸೀಮಿಗೆ ಊರು ಬಿಟ್ಟು ಹೋಗೋದು ಹೊಸದಲ್ಲ. ಪಾಲಮೂರು ಲೇಬರ್ ಅಂದ್ರ ದೇಶಕ್ಕೆಲ್ಲ ಗೊತ್ತು. ಮುಂಬೈ, ಪುಣೆ, ಬೆಂಗಳೂರಿನಾಗ ಮಣ್ಣು ಹೊತ್ತು, ಕಾಂಕ್ರೀಟ್ ಹಾಕಿ, ಉಗಾದಿಗೋ ಮೊಹರಮ್ಮಿಗೋ ತಿರುಗಿ ಬರ್ತಾರ. ಅವರನ್ನ ಕಂಡಾಗ "ಯಾವಾಗ ಬಂದಿ ತಮ್ಮಾ, ಉಂಡೇನು?" ಅಂತೀವಿ. ಬರಿಗೈಲೆ ಬಂದರೂ ಮರುದಿನ ಹೊಲಕ್ಕ ಕರೀತೀವಿ, ಅಲಾಯಿ ಕುಣಿಯಾಕ ಕರೀತೀವಿ. ಅದೇ ಐದಾರು ವರ್ಷ ಓದಿ ಬಂದವರಿಗೆ ಉಂಡೇನು ಅಂತ ಯಾರೂ ಕೇಳಲ್ಲ. ಒಂದು ದಿನ ಬೋರಿನಿಂದ ಮನಿಗೆ ಬರೋದರಾಗ ಏಳು ಮಂದಿ 'ಏನರ ಆತೇನು' ಅಂತ ಕೇಳಿದರಂತ ಮಗಳು ಎಣಿಸಿದ್ದಳು. ಮರುದಿನದಿಂದ ನಸುಕಿನಾಗ, ಮಂದಿ ಏಳೋದಕ್ಕ ಮೊದಲ, ನೀರು ತರಾಕ ಶುರು ಮಾಡಿದಳು. ಅದು ಯಾಕಂತ ನನಗ ತಿಳೀಲಿಲ್ಲ. ಒಳ್ಳೇ ಅಭ್ಯಾಸ ಅಂತ ಆಕಿ ಅವ್ವನ ಮುಂದ ಹೊಗಳಿದೆ!

ಆಗುವಂಥಾದ್ದು ಏನಿತ್ತು, ಅದನ್ನೂ ನೋಡ್ರಿ. ನಮ್ಮ ರಾಜ್ಯದಾಗ ಮಾಸ್ತರ ಹುದ್ದೆ 2017ರಲ್ಲಿ ಒಮ್ಮೆ ಕರೆದರು, ಪರೀಕ್ಷಾ ಆದದ್ದು 2018ರಲ್ಲಿ. ಆಮ್ಯಾಲ ಡಿಎಸ್‌ಸಿ ಪರೀಕ್ಷಾ ಆದದ್ದು 2024ರಲ್ಲಿ, 11,062 ಹುದ್ದೆಗೆ. ನಡುವ ಆರು ವರ್ಷ. ಆರು ವರ್ಷದಾಗ ಒಂದು ಕಡಸು ಮೂರು ಸೂಲು ಕಂಡಿರ್ತದ. ಆ ಹನ್ನೊಂದು ಸಾವಿರದಾಗ ಕನ್ನಡ ಮಾಧ್ಯಮದ ಪಾಲು ಊಟದ ಎಲೆಯೊಳಗಿನ ಉಪ್ಪಿನಕಾಯಿಯಷ್ಟು. ಆಕೆಗೆ ಅದೂ ಇಲ್ಲ, ಬಿ.ಎಡ್. ಫಲಿತಾಂಶ ಬರೋದರಾಗ ಅರ್ಜಿ ಹಾಕೋ ದಿನ ಮುಗಿದಿತ್ತು.

ಆಚೆ ಕರ್ನಾಟಕದಾಗ ನೋಡೋಣ ಅಂದ್ರ, ಅಲ್ಲಿ ಸಂವಿಧಾನದ 371ಜೆ ಅದ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಜಿಲ್ಲಾಗಳ ಮಕ್ಕಳಿಗೆ ಹುದ್ದೆ ಕಾಯ್ದಿಡ್ತಾರ. ಬರೋಬ್ಬರಿ ಕಾನೂನು, ಹಿಂದುಳಿದ ಸೀಮಿಗೆ ಬೇಕಾದದ್ದೇ. ಆದರ ಹಾಸ್ಟೆಲಿನಾಗ ಇದ್ದು ಓದಿದ ವರ್ಷ ತೋರಿಸಿದರೆ ನಮ್ಮ ಮಕ್ಕಳು ಅಲ್ಲಿಯವರಾಗಂಗಿಲ್ಲ. ರಾಯಚೂರಿನ ನೀರು ಕುಡಿದು, ಕಲಬುರಗಿ ಬಿಸಿಲು ಉಂಡು ಬಂದರೂ ಅವರು ಹೊರ ರಾಜ್ಯದವರು. ಈ ಕಡೆ ತೆಲಂಗಾಣದಾಗ 2018ರ ಆದೇಶದ ಪ್ರಕಾರ ಸ್ಥಳೀಯರು ಯಾರು ಅಂದ್ರ, ಒಂದರಿಂದ ಏಳನೇ ತರಗತಿಯೊಳಗ ನಾಲ್ಕು ವರ್ಷ ಇಲ್ಲಿ ಓದಿದವರು. ಇದನ್ನ ಕೇಳಿ ನಾನು ನಕ್ಕೆ. ಸರಕಾರಕ್ಕ ನಾನು ಓದಿದಷ್ಟೇ ಲೆಕ್ಕ, ಮಗಳು ಓದಿದ ಉಳಿದ ಹನ್ನೆರಡು ವರ್ಷ ಲೆಕ್ಕಕ್ಕಿಲ್ಲ. ಸ್ಥಳೀಯಳು ಅಂತ ಇಲ್ಲಿ ಚೀಟಿ ಸಿಗ್ತದ, ಕನ್ನಡದ ಹುದ್ದೆ ಸಿಗಂಗಿಲ್ಲ. ಅಲ್ಲಿ ಕನ್ನಡದ ಹುದ್ದೆ ಅವ, ಚೀಟಿ ಸಿಗಂಗಿಲ್ಲ. ಹಿಂಗ ಇರುವಾಗ ಅಗಸಿ ಕಟ್ಟಿ ಮ್ಯಾಲ ಕುಂತು ತಪ್ಪೆಲ್ಲ ಹುಡುಗರದೇ ಅಂದ್ರ ಹ್ಯಾಂಗ?

ಈಗ ನನ್ನ ತಪ್ಪಿಗೆ ಬರ್ತೀನಿ. ಆ ವರ್ಷ ಹತ್ತಿ ಬಿಡಿಸಾಕ ಆಳು ಸಿಗಲಿಲ್ಲ. ಮನಿ ಮಂದಿಯೆಲ್ಲ ಇಳಿದಿದ್ದೆವು, ಆಕೀನೂ ಬಂದಿದ್ದಳು. ಕೈ ಹಗೂರ ಓಡ್ತಿದ್ದವು, ನಾಲ್ಕೈದು ವರ್ಷ ಪೆನ್ನು ಹಿಡಿದ ಕೈ. ನನಗ ಬಿಸಿಲು ತಲಿಗೇರಿತ್ತು, ಸಾಲದವ ಮುಂಜಾನೇನೇ ಬಂದು ಹೋಗಿದ್ದ. ಬಾಯಿ ಬಿಟ್ಟೆ: "ನಿನ್ನ ಹಾಸ್ಟೆಲಿಗೆ ಕೊಟ್ಟ ರೊಕ್ಕದಾಗ ಎರಡು ಎತ್ತು ಬರ್ತಿದ್ದವು. ಎತ್ತಾದರೂ ದುಡೀತಿದ್ದವು."

ಆಕಿ ಅಳಲಿಲ್ಲ. ಉಡಿಯೊಳಗಿನ ಹತ್ತಿ ಚೀಲಕ್ಕ ಹಾಕಿ ಮುಂದಿನ ಸಾಲಿಗೆ ಹೋದಳು. ರಾತ್ರಿ ಉಂಡ ಮ್ಯಾಲ ಒಂದು ರಟ್ಟಿನ ಪುಸ್ತಕ ತಂದು ನನ್ನ ಮುಂದ ಇಟ್ಟಳು. ಎಂ.ಎ. ಕಡೇ ವರ್ಷದಾಗ ಬರೆದ ಕಿರುಪ್ರಬಂಧ. ನಮ್ಮ ಕಡೆ ಹಾಡೋ ಪದಗಳ ಮ್ಯಾಲ ಬರೆದಿದ್ದಳು. ಹಿಂದಿನ ಹಾಳಿಯೊಳಗ 'ವಕ್ತೃಗಳು' ಅಂತ ಒಂದು ಪಟ್ಟಿ, ಅಂದ್ರ ಹಾಡಿ ಹೇಳಿದವರು. ಅದರಾಗ ನನ್ನ ಹೆಸರು, ವಯಸ್ಸು, 'ಏಳನೇ ತರಗತಿ, ಒಕ್ಕಲುತನ' ಅಂತ ಇತ್ತು. ನನ್ನ ಹೆಸರಿನ ಮ್ಯಾಲ ನಮ್ಮವ್ವನ ಹೆಸರು. ಅವ್ವ ಬೀಸುವಾಗ ಹಾಡ್ತಿದ್ದ ಪದಗಳು ಅದರಾಗ ಇದ್ದವು. ರಜಾಕ್ಕ ಬಂದಾಗ ಈ ಹುಡುಗಿ ಫೋನಿನಾಗ ಹಿಡಿದುಕೊಂಡು ಹೋಗಿದ್ದಳಂತ. ಅವ್ವ ಈಗ ಇಲ್ಲ. ಊರೊಳಗ ದೊಡ್ಡ ಹಾಡುಗಾರ ಅಂತ ಹೆಸರಾದ ನನಗ, ಹೆತ್ತ ತಾಯಿಯ ಎರಡು ಪದ ಪೂರ್ತಿ ಬರ್ತಿರಲಿಲ್ಲ. ಕಂದೀಲಿನಂಥ ಮಬ್ಬು ಬಲ್ಬಿನ ಕೆಳಗ ಬಳ್ಳು ಇಟ್ಟು ಓದಿದೆ.

ಎತ್ತಿನ ಮಾತು ತಿರುಗಿ ನುಂಗಾಕ ಬರಲಿಲ್ಲ.

ಇಷ್ಟಕ್ಕ "ಓದಿದವರು ದೊಡ್ಡವರು, ಅವರನ್ನ ಪೂಜಾ ಮಾಡ್ರಿ" ಅಂತ ನಾನು ಹೇಳಾಕತ್ತೀನಿ ಅಂತ ತಿಳೀಬ್ಯಾಡ್ರಿ. ಓದಿ ಬಂದವರ ಮ್ಯಾಲೂ ನನಗ ತಕರಾರು ಅದ. ಕೆಲವರು ಹೈದರಾಬಾದಿನ ಅಶೋಕ ನಗರ, ದಿಲ್‌ಸುಖ್‌ನಗರ, ಇಲ್ಲ ಧಾರವಾಡದಾಗ ಖೋಲಿ ಹಿಡಿದು ಕೋಚಿಂಗ್ ಅಂತ ಕುಂತುಬಿಡ್ತಾರ. ಒಂದು ವರ್ಷ ಸರಿ, ಎರಡು ವರ್ಷ ಸರಿ. ಐದನೇ ವರ್ಷಕ್ಕ ಊರಿಗೆ ಬರಾಕ ಮುಖ ಇಲ್ಲಂತ ಅಲ್ಲೇ ಉಳೀತಾರ, ಹಬ್ಬಕ್ಕೂ ಬರಂಗಿಲ್ಲ. ಇಲ್ಲಿ ಅಪ್ಪ ಎಕರೆ ಭೂಮಿ ಒತ್ತಿ ಇಟ್ಟಿರ್ತಾನ. ತಮ್ಮಗಳಿರಾ, ಪರೀಕ್ಷಾ ಬರೀರಿ, ಆದರ ಇಷ್ಟು ವರ್ಷ ಅಂತ ಗಡುವು ಹಾಕ್ಕೊಂಡು ಬರೀರಿ. ಮನಿಯೊಳಗ ಬಾಗಿಲು ಹಾಕ್ಕೊಂಡು ಮಲಗೋದೂ ಬ್ಯಾಡ. ಡಿಗ್ರಿ ಆದವ ಸಲಿಕಿ ಹಿಡಿದು ನೀರು ಕಟ್ಟಿದರೆ ಡಿಗ್ರಿ ಸವೆಯಂಗಿಲ್ಲ. ಖರೆ, ಮುಖ ತೋರಿಸಾಕ ಅಂಜೋ ಹಂಗ ಮಾಡಿದವರು ಯಾರು ಅಂತ ಕೇಳಿದರೆ ಮತ್ತ ನಮ್ಮ ಕಟ್ಟಿಗೇ ಬಂದು ನಿಲ್ತದ.

ಇನ್ನೊಂದು ಕಡೆ, "ಹೊಲ ಅದಲ್ಲ, ಒಕ್ಕಲುತನ ಮಾಡಲಿ" ಅನ್ನೋವರೂ ಇದ್ದಾರ. ಮೂರು ಎಕರೆಯೊಳಗ ನಾನೊಬ್ಬನೇ ಬದುಕಾಕ ಆಗವಲ್ದು, ಹತ್ತಿಗೆ ಹಾಕಿದ ಗೊಬ್ಬರದ ಬಾಕಿ ತೀರವಲ್ದು. ಅಂಥಾದ್ದರಾಗ ಓದಿದಾಕೆಯನ್ನ ಅದೇ ಸಾಲಿನಾಗ ನಿಲ್ಲಿಸಿದರೆ ಸಾಲ ಇಬ್ಬರ ಹೆಸರಲೆ ಆಗ್ತದ ಅಷ್ಟೇ.

ಮಾಸ್ತರರೇ, ನಿಮಗೂ ಎರಡು ಮಾತು, ಸಿಟ್ಟಾಗಬ್ಯಾಡ್ರಿ. ಹತ್ತನೇ ತರಗತಿಯೊಳಗ ಆಕೆಗೆ ಪ್ರಾರ್ಥನಾದಾಗ ನಿಲ್ಲಿಸಿ ಚಪ್ಪಾಳಿ ತಟ್ಟಿದವರು ನೀವು. "ಓದವ್ವಾ, ಮುಂದ ಓದು" ಅಂದವರು ನೀವು. ಓದಿ ಬಂದ ಮ್ಯಾಲ ಕಟ್ಟಿ ಮ್ಯಾಲ ಮುಗ್ಗಿದ ಬೀಜ ಅಂದಾಗ ನಕ್ಕವರೂ ನಿಮ್ಮೊಳಗೇ ಇದ್ದಾರ. ಕನ್ನಡ ಸಾಲಿಯೊಳಗ ಮಕ್ಕಳು ಕಡಿಮಿ ಆಗ್ಯಾರಂತ ನೀವು ಹೇಳ್ತೀರಿ. ಮಕ್ಕಳಿಲ್ಲಂತ ಹುದ್ದೆ ಇಲ್ಲ, ಹುದ್ದೆ ಇಲ್ಲಂತ ಮಕ್ಕಳನ್ನ ಕಳಿಸಂಗಿಲ್ಲ. ಗಾಣದ ಎತ್ತಿನಂಗ ಸುತ್ತಿದಲ್ಲೇ ಸುತ್ತಾಕತ್ತದ. ನಿಮ್ಮ ಸ್ವಂತ ಮಕ್ಕಳು ಯಾವ ಮಾಧ್ಯಮದಾಗ ಓದ್ತಾರ ಅಂತ ನಾ ಕೇಳಂಗಿಲ್ಲ, ಬಸ್ಸು ಬಂದು ಕರಕೊಂಡು ಹೋಗೋದು ಊರೆಲ್ಲ ನೋಡ್ತದ.

ನಾನು ಕೇಳೋದು ಸಣ್ಣದು. ನಮ್ಮ ಊರಾಗ, ಸುತ್ತಿನ ಊರಾಗ ಹಿಂಗ ಓದಿ ಬಂದವರು ಊರಿಗೆ ಇಬ್ಬರು ಮೂವರು ಸಿಗ್ತಾರ. ವಾಚನಾಲಯದ ಕೀಲಿ ಅವರ ಕೈಯಾಗ ಕೊಡ್ರಿ. ಸಂಜಿಗೆ ಹತ್ತನೇ ತರಗತಿ ಮಕ್ಕಳಿಗೆ ಪಾಠ ಹೇಳಲಿ. ಟೆಟ್ ಪರೀಕ್ಷಾ ಕನ್ನಡದಾಗೂ ಬರೆಯಬಹುದು, ಬರೆಯೋರಿಗೆ ತಯಾರಿ ಮಾಡಿಸಲಿ. ತೆಲುಗಿನಾಗ ಬಂದ ನೋಟೀಸು ಓದಿ ಹೇಳಾಕ, ಬ್ಯಾಂಕಿನ ಫಾರಂ, ಮಂಡಲ ಆಫೀಸಿಗೆ ಕೊಡೋ ಅರ್ಜಿ ಬರೆಯಾಕ ನಾವು ಮಕ್ತಲದಾಗ ಐವತ್ತು ನೂರು ಕೊಡ್ತೀವಲ್ಲ, ಅದು ಇಲ್ಲೇ ಕೊಡೋಣ. ಪದ ಹಾಡೋ ಮುದುಕಿಯರು ನಾಲ್ಕೈದು ಮಂದಿ ಇನ್ನೂ ಇದ್ದಾರ, ಅವರ ಮುಂದ ಒಬ್ಬರನ್ನ ಕೂಡಿಸ್ರಿ.

ಆದರ ಪುಕ್ಕಟೆ ಅಲ್ಲ. ಇದನ್ನ ಎರಡು ಸಲ ಬರೀತೀನಿ, ಪುಕ್ಕಟೆ ಅಲ್ಲ. "ಓದಿದ ಮಕ್ಕಳು ಊರ ಸೇವಾ ಮಾಡಲಿ" ಅಂತ ಭಾಷಣ ಹೊಡೆದು ಸಂಜಿ ಪಾಠ ಪುಕ್ಕಟೆ ಹೇಳಿಸೋದು ಜೀತ. ಜಾತ್ರಿಗೆ ಮನಿ ಮನಿಗೆ ಪಟ್ಟಿ ಎತ್ತತೀವಿ, ಅಲಾಯಿ ಕೂಡಿಸಾಕ ಎತ್ತತೀವಿ, ಡಿಜೆ ತರಾಕ ಹುಡುಗರು ಎತ್ತತಾರ, ಯಾರೂ ಇಲ್ಲ ಅನ್ನಂಗಿಲ್ಲ. ತಿಂಗಳಿಗೆ ಮನಿಗೆ 20 ರೂಪಾಯಿ ಹಾಕಿದರೆ, ಇನ್ನೂರು ಮನಿಗೆ 4,000 ಆಗ್ತದ. ಸರಕಾರಿ ಸಂಬಳ ಅಲ್ಲ ಅದು, ಗೊತ್ತದ. ಆದರ 'ಏನರ ಆತೇನು' ಅಂತ ಕೇಳಿದರೆ 'ಹೌದು, ಸಂಜಿ ಸಾಲಿ ನಡಸ್ತೀನಿ' ಅಂತ ತಲಿ ಎತ್ತಿ ಹೇಳಾಕ ಆಗ್ತದ. ಮುಂದಿನ ಡಿಎಸ್‌ಸಿ ಬರೋತನಕ ನಸುಕಿನಾಗ ನೀರಿಗೆ ಹೋಗೋದು ತಪ್ಪುತದ. ನೌಕರಿ ಸಿಕ್ಕು ಹೋದರೆ ಹೋಗಲಿ, ಇನ್ನೊಬ್ಬರು ಬರ್ತಾರ.

ಬರೋ ಅಮವಾಸಿ ಭಜನಿ ದಿನ ಈ ಮಾತು ಸಭಾದಾಗ ಇಡ್ತೀನಿ. ಬ್ಯಾಡ ಅನ್ನೋವರು ಅಂದು ಎದ್ದು ನಿಂತು ಹೇಳ್ರಿ, ಕಟ್ಟಿ ಮ್ಯಾಲ ಬ್ಯಾಡ. ನನ್ನ ಮನಿ 20 ರೂಪಾಯಿ ಪುಸ್ತಕದೊಳಗ ಇಟ್ಟೀನಿ.

ಬರೆದದ್ದನ್ನ ಮಗಳಿಗೆ ಓದಾಕ ಕೊಟ್ಟೆ. ಓದಿದಳು, ಭಾಳ ಹೊತ್ತು ಸುಮ್ಮನಿದ್ದಳು. "ಎತ್ತಿನ ಮಾತು ತಗದುಬಿಡ್ಲೇನವ್ವಾ?" ಅಂತ ಕೇಳಿದೆ. "ಇರಲಿ ಬಿಡಪ್ಪಾ, ಮಂದಿ ಓದಲಿ" ಅಂದಳು. 'ವಕ್ತೃ' ಅನ್ನೋದರ ಒತ್ತು ನಾನು ತಪ್ಪು ಬರೆದಿದ್ದೆ, ಅದನ್ನಷ್ಟು ತಿದ್ದಿ ಕೊಟ್ಟಳು.