ದಾಖಲೆ ಪುಸ್ತಕ ಯಾರ ಕೈಯಲ್ಲಿತ್ತು?

ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂದಿನ ತಂಡಗಳು ದೊಡ್ಡವೋ ಇಂದಿನವೋ ಎಂಬ ಜಗಳಕ್ಕೆ ಕೊನೆಯಿಲ್ಲ. ಇಂದಿನವರ ಪರ ನಿಂತವರು ಅಂಕಿಗಳನ್ನು ಮುಂದಿಡುತ್ತಾರೆ. ನನ್ನ ತಕರಾರು ಆ ಅಂಕಿಗಳ ಬಗ್ಗೆಯೇ.

1981ರಲ್ಲಿ ಕಾಲೇಜು ಆಟ ಮುಗಿಸಿದಾಗ ಕ್ಯಾನ್ಸಸ್‌ನ ಲಿನೆಟ್ ವುಡಾರ್ಡ್ ಗಳಿಸಿದ್ದು 3,649 ಅಂಕ. ಆಗ ಮೂರು ಅಂಕದ ಗೆರೆಯೇ ಇರಲಿಲ್ಲ. ಚೆಂಡೂ ಗಂಡಸರು ಆಡುವ ಗಾತ್ರದ್ದು. ಆದರೆ 2024ರಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಎನ್‌ಸಿಎಎ ಪುಸ್ತಕದ 3,527 ಅಂಕಗಳನ್ನು ದಾಟಿದಾಗಲೇ ಸಾರ್ವಕಾಲಿಕ ದಾಖಲೆಯೆಂಬ ಡಂಗುರ ಎದ್ದಿತು. ವುಡಾರ್ಡ್ ಆಡಿದ್ದು ಮಹಿಳೆಯರೇ ನಡೆಸುತ್ತಿದ್ದ ಎಐಎಡಬ್ಲ್ಯೂ ಕಾಲದಲ್ಲಿ. ಎನ್‌ಸಿಎಎ ಮಹಿಳೆಯರಿಗೆ ಪಂದ್ಯಾವಳಿ ನಡೆಸತೊಡಗಿದ್ದು 1982ರಲ್ಲಿ. ಅದಕ್ಕೂ ಹಿಂದಿನ ಬೆವರು ಲೆಕ್ಕಕ್ಕೆ ಬರಲಿಲ್ಲ. ಎರಡೇ ವಾರದಲ್ಲಿ ಕ್ಲಾರ್ಕ್ ವುಡಾರ್ಡ್‌ರನ್ನೂ ದಾಟಿದರು. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಅದನ್ನು ಮೆರೆಸಲು ಹಿಂದಿನವರನ್ನು ಅಳಿಸಬೇಕಿತ್ತೇ?

1972ರಲ್ಲಿ ಗೆದ್ದ ಇಮ್ಯಾಕ್ಯುಲಾಟಾ ಕಾಲೇಜಿನ ಹುಡುಗಿಯರು ಪ್ರಯಾಣದ ಖರ್ಚಿಗಾಗಿ ಹಲ್ಲುಜ್ಜುವ ಬ್ರಶ್ ಮಾರಿದ್ದರು. 2024ರ ಫೈನಲ್ ನೋಡಿದವರು 1.8 ಕೋಟಿಗೂ ಹೆಚ್ಚು. ಇವೆರಡರ ನಡುವೆ ಬದಲಾದದ್ದು ಬರೀ ಆಟದ ಗುಣಮಟ್ಟವಲ್ಲ. ಹಣ, ತರಬೇತಿ, ವಿದ್ಯಾರ್ಥಿವೇತನ, ಕ್ಯಾಮೆರಾ ಎಲ್ಲವೂ. ಎದುರೆದುರು ಆಡಿದರೆ ಗೆಲ್ಲುವವರು ಇಂದಿನವರೇ ಇರಬಹುದು. ಅದರಿಂದ ಹಿರಿತನ ತೀರ್ಮಾನವಾಗದು.

ಹಳೆಯ ಕಡತಗಳ ನಡುವೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಚಾಳಿ ಪರಿಚಿತ. ಪುಸ್ತಕ ಇಟ್ಟವರು ತಾವು ಬಂದ ದಿನವನ್ನೇ ಚರಿತ್ರೆಯ ಮೊದಲ ದಿನವೆನ್ನುತ್ತಾರೆ. ಸಾಹಿತ್ಯದ ಪಟ್ಟಿಗಳಲ್ಲೂ ಹೆಂಗಸರು ಹೀಗೇ ಕಾಣೆಯಾಗುತ್ತಾರೆ. ಹೋಲಿಸುವವರು ಹೋಲಿಸಲಿ, ಹರಿದ ಪುಟಗಳನ್ನು ಮೊದಲು ಹೊಲಿಯಲಿ.